ಕತ್ತಲಾದ ಮೇಲೆ ಬಣ್ಣ ಬಯಲು

ಫೋಟೋದಲ್ಲಿ ಆ ಲಾಡ್ಜ್ ತುಂಬಾ ಚೆನ್ನಾಗಿತ್ತು. ಮಣ್ಣಿನ ಬಣ್ಣದ ಗೋಡೆ, ಹುಲ್ಲಿನ ಮಾಡು, ಹಿಂದೆ ಬೆಟ್ಟ, ಮುಂದೆ ಕಣಿವೆ. ಕಾಡಿನ ಜೊತೆ ಬೆರೆತುಹೋಗಿದೆ ಅಂತ ಬರೆದುಕೊಂಡಿದ್ದರು. ನಾನೂ ಅಕ್ಕನೂ ನಾಲ್ಕು ತಿಂಗಳು ಮೊದಲೇ ಬುಕ್ ಮಾಡಿ ಹೋದೆವು. ಹಗಲಲ್ಲಿ ನೋಡಿದರೆ ಫೋಟೋದಲ್ಲಿದ್ದ ಹಾಗೆಯೇ ಇತ್ತು. ಸುಳ್ಳು ಹೇಳಬಾರದು.

ಸಂಜೆ ಆರೂವರೆಗೆ ದೀಪ ಹತ್ತಿದವು. ದಾರಿಯ ಎರಡೂ ಬದಿಗೆ ದೀಪ. ಮರದ ಬುಡದಿಂದ ಮೇಲಕ್ಕೆ ಹೊಡೆಯುವ ಫೋಕಸ್ ಲೈಟು. ಈಜುಕೊಳದ ಒಳಗೆ ನೀಲಿ ಬೆಳಕು. ಹಿಂದೆ ಎಲ್ಲೋ ಜನರೇಟರ್ ಗುರ್ ಅನ್ನತೊಡಗಿತು. ಕಪ್ಪೆಗಳು ಕೂಗುತ್ತಿದ್ದವೋ ಇಲ್ಲವೋ, ಆ ಸದ್ದಿನಲ್ಲಿ ಗೊತ್ತಾಗಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಒಬ್ಬ ಹುಡುಗ ದೀಪದ ಕಂಬಗಳ ಕೆಳಗೆ ಗುಡಿಸುತ್ತಿದ್ದ. ಹತ್ತಿರ ಹೋಗಿ ನೋಡಿದರೆ ಪತಂಗಗಳ ರೆಕ್ಕೆ. ಒಂದು ಮೊರದಷ್ಟು ಇದ್ದಿರಬೇಕು.

“ದಿನಾ ಇಷ್ಟು ಬೀಳ್ತಾವಾ?” ಅಂತ ಅಕ್ಕ ಕೇಳಿದಳು.

“ಮಳೆ ಬಂದ ಮರುದಿನ ಇನ್ನೂ ಜಾಸ್ತಿ, ಮೇಡಂ.”

ಅವತ್ತು ಮಧ್ಯಾಹ್ನ ನಮ್ಮ ರೂಮಿನ ದೊಡ್ಡ ಗಾಜಿಗೆ ಏನೋ ಠಪ್ಪನೆ ಬಡಿಯಿತು. ಅಂಗೈಗಿಂತ ಚಿಕ್ಕ ಹಕ್ಕಿ. ಗಾಜಿನಲ್ಲಿ ಕಂಡ ಆಕಾಶವನ್ನು ನಿಜ ಅಂದುಕೊಂಡು ನೇರ ಬಂದಿತ್ತು. ಅಕ್ಕ ಅದನ್ನು ಶೂ ಡಬ್ಬಿಯಲ್ಲಿ ಮಲಗಿಸಿ, ಮುಚ್ಚಳ ಹಾಕಿ, ಸದ್ದಿಲ್ಲದ ಮೂಲೆಯಲ್ಲಿಟ್ಟಳು. ಬಿದ್ದ ಹಕ್ಕಿಗೆ ನೀರು ಕುಡಿಸಲು ಹೋಗಬಾರದು. ಕತ್ತಲೆ ಮತ್ತು ನಿಶ್ಶಬ್ದ ಸಾಕು. ಒಂದು ಗಂಟೆ ಬಿಟ್ಟು ಹೊರಗೆ ಒಯ್ದು ಮುಚ್ಚಳ ತೆಗೆದಾಗ ಹಾರಿಹೋಯಿತು. ಎಲ್ಲ ಹಕ್ಕಿಗಳಿಗೂ ಅಕ್ಕ ಸಿಗುವುದಿಲ್ಲ.

ಸಂಜೆ ನಾವಿಬ್ಬರೂ ಎದುರಿನ ಗುಡ್ಡ ಹತ್ತಿ ತಿರುಗಿ ನೋಡಿದೆವು. ಆ ದೊಡ್ಡ ಕಣಿವೆಯಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು ನಮ್ಮ ಲಾಡ್ಜೇ. ಮದುವೆ ಮನೆಯ ಹಾಗೆ ಝಗಝಗ ಅಂತಿತ್ತು. ಹಗಲಿಗೆ ಮಾತ್ರ ಕಾಡಿನ ವೇಷ ಹಾಕಿಕೊಂಡಿದೆ ಅನ್ನಿಸಿತು.

ಅಲ್ಲಿಂದ ನಾನು ಲಾಡ್ಜ್ ಹುಡುಕುವ ರೀತಿಯೇ ಬದಲಾಯಿತು. ಈಗ ಫೋಟೋ ಕೊನೆಗೆ ನೋಡುತ್ತೇನೆ. ಮೊದಲು ಒಂದು ಇಮೇಲ್ ಬರೆಯುತ್ತೇನೆ. ರಾತ್ರಿ ಹೊರಗಿನ ದೀಪ ಎಷ್ಟು, ಎಷ್ಟು ಗಂಟೆಯವರೆಗೆ ಉರಿಯುತ್ತವೆ? ಸ್ನಾನದ ನೀರು, ಶೌಚದ ನೀರು ಎಲ್ಲಿಗೆ ಹೋಗುತ್ತದೆ? ಪ್ರಾಣಿಗಳನ್ನು ಎದುರಿಗೆ ಕರೆಸಲು ಉಪ್ಪು, ಆಹಾರ ಹಾಕುತ್ತೀರಾ? ದೊಡ್ಡ ಗಾಜು ಇದ್ದರೆ ಹಕ್ಕಿ ಬಡಿಯದಂತೆ ಏನು ಮಾಡಿದ್ದೀರಿ?

ಹೆಚ್ಚಿನವರು ಉತ್ತರದ ಬದಲು ಬ್ರೋಷರ್ ಕಳಿಸುತ್ತಾರೆ. ಅದೂ ಒಂದು ಉತ್ತರವೇ. ನಿಜವಾಗಿ ಕೆಲಸ ಮಾಡಿದವರು ಉದ್ದ ಬರೆಯುತ್ತಾರೆ, ಕೇಳದೇ ಇದ್ದದ್ದನ್ನೂ ಹೇಳುತ್ತಾರೆ, ತಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತಾರೆ. ಒಬ್ಬರು ತಮ್ಮ ಲಾಡ್ಜಿನ ಮುಂದಿನ ನೀರಿನ ಹೊಂಡವನ್ನು ಮುಚ್ಚಿಸಿದ ಕಥೆಯನ್ನೇ ಬರೆದಿದ್ದರು. ಬೇಸಿಗೆಯಲ್ಲೂ ಅಲ್ಲಿ ನೀರು ತುಂಬಿಸಿ ಇಡುತ್ತಿದ್ದರಂತೆ. ವರಾಂಡದಲ್ಲಿ ಕೂತವರಿಗೆ ಆನೆ ಕಾಣುತ್ತಿತ್ತು, ಖುಷಿಯಾಗುತ್ತಿತ್ತು. ಆದರೆ ಪ್ರಾಣಿಗಳೆಲ್ಲ ಒಂದೇ ಕಡೆ ಬಂದು ಬಂದು ಸುತ್ತಲಿನ ಹುಲ್ಲು ತುಳಿತಕ್ಕೆ ಸತ್ತು, ಗಿಡಮರ ಮುರಿದು, ಕೊನೆಗೆ ಹೊಂಡದ ಸುತ್ತ ಬರೀ ದೂಳು. ಅತಿಥಿಗಳು ಬೈದುಕೊಂಡರೂ ಮುಚ್ಚಿದರಂತೆ. ಅವರಲ್ಲಿಗೆ ನಾವು ತಕ್ಷಣ ಬುಕ್ ಮಾಡಿದೆವು. ಆನೆ ಕಾಣಲಿಲ್ಲ. ಮೂರನೇ ದಿನ ಲದ್ದಿ ಕಂಡಿತು, ಇನ್ನೂ ಬಿಸಿ ಇತ್ತು.

ಗಾಜಿನ ವಿಷಯಕ್ಕೆ ಪರಿಹಾರ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬುವುದಿಲ್ಲ. ಸ್ವೀಡನ್ನಿನ ಹರಾಡ್ಸ್‌ನಲ್ಲಿ ಟ್ರೀಹೋಟೆಲ್ ಇದೆ, 2010ರದ್ದು. ಅಲ್ಲಿ ಮರಕ್ಕೆ ಕಟ್ಟಿದ ಒಂದು ರೂಮು ಪೂರ್ತಿ ಕನ್ನಡಿಯದ್ದು, ಉದ್ದ ಅಗಲ ಎತ್ತರ ಎಲ್ಲ ನಾಲ್ಕು ಮೀಟರ್. ಹಕ್ಕಿಗಳ ಪಾಲಿಗೆ ಇದಕ್ಕಿಂತ ಕೆಟ್ಟ ಉಪಾಯ ಬೇರೆ ಇಲ್ಲ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ಆ ಕನ್ನಡಿಗೆ ನಮ್ಮ ಕಣ್ಣಿಗೆ ಕಾಣದ, ಹಕ್ಕಿಗಳ ಕಣ್ಣಿಗೆ ಕಾಣುವ ನೇರಳಾತೀತ ಪದರ ಹಾಕಿದ್ದಾರೆ. ಅಷ್ಟು ದೂರ ಹೋಗುವುದೇ ಬೇಡ. ಗಾಜಿನ ಹೊರಮೈಗೆ ಐದೈದು ಸೆಂಟಿಮೀಟರಿಗೆ ಒಂದೊಂದು ಚುಕ್ಕಿ ಅಂಟಿಸಿದರೂ ಹಕ್ಕಿ ದೂರ ಸರಿಯುತ್ತದೆ. ಒಂದೇ ಒಂದು ಗಿಡುಗದ ಸ್ಟಿಕರ್ ಅಂಟಿಸುವುದರಿಂದ ಏನೂ ಆಗುವುದಿಲ್ಲ.

ಜಾಗದ ಬಗ್ಗೆ ನನಗೆ ಪಾಠ ಹೇಳಿದ್ದು ಶ್ರೀಲಂಕಾದ ಕಂದಲಮ ಹೋಟೆಲ್. ದಂಬುಲ್ಲದ ಹತ್ತಿರ, ಕೆರೆಯ ದಡದಲ್ಲಿದೆ. ಮಾಡಿದವರು ವಾಸ್ತುಶಿಲ್ಪಿ ಜೆಫ್ರಿ ಬಾವಾ. ಅವರಿಗೆ ಮೊದಲು ತೋರಿಸಿದ ಜಾಗ, ನೆತ್ತಿಯ ಮೇಲೆ ಹಳೆಯ ಕೋಟೆ ಇರುವ ಪ್ರಸಿದ್ಧ ಸಿಗಿರಿಯ ಬಂಡೆಯ ಹತ್ತಿರವೇ ಇತ್ತು. ಬೇರೆ ಯಾರೇ ಆಗಿದ್ದರೂ ಕುಣಿದಾಡಿ ಒಪ್ಪಿಕೊಳ್ಳುತ್ತಿದ್ದರು. ಬಾವಾ ಬೇಡ ಅಂದರು. ಹೆಲಿಕಾಪ್ಟರಿನಲ್ಲಿ ಸುತ್ತಿ, ಸಿಗಿರಿಯ ದೂರದಲ್ಲಿ ಕಾಣುವ ಈ ಕೆರೆಯಂಚಿನ ಬಂಡೆಯ ಸಾಲನ್ನು ಆರಿಸಿಕೊಂಡರು. ಚೆಂದದ ಬೆಟ್ಟದ ನೆತ್ತಿಯ ಮೇಲೆ ಲಾಡ್ಜ್ ಕೂತರೆ ಒಳಗಿರುವ ನಾಲ್ಕು ಜನಕ್ಕೆ ನೋಟ ಸಿಗುತ್ತದೆ, ಹೊರಗಿನ ಎಲ್ಲರಿಗೂ ಬೆಟ್ಟ ಹಾಳಾಗುತ್ತದೆ. ಇದು ನನಗೆ ಹೊಳೆದದ್ದು ಅಲ್ಲಿ.

ಒಳಗೆ ಹೋಗುವ ದಾರಿ ಗುಹೆಯ ಹಾಗಿದೆ. ಪಕ್ಕದಲ್ಲೇ ಬಂಡೆ, ಕೈ ಚಾಚಿದರೆ ತಣ್ಣಗೆ ತಾಗುತ್ತದೆ. ಬಂಡೆಯನ್ನು ಒಡೆದು ದಾರಿ ಮಾಡಿಲ್ಲ, ದಾರಿಯೇ ಬಂಡೆಯನ್ನು ಸುತ್ತಿಕೊಂಡು ಹೋಗುತ್ತದೆ. ಕಟ್ಟಡ ಚಿಕ್ಕದೇನಲ್ಲ. 152 ರೂಮು, ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಲು ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಆದರೂ ಇಡೀ ಕಟ್ಟಡ ಕಂಬಗಳ ಮೇಲೆ ನಿಂತಿರುವುದರಿಂದ ಬೆಟ್ಟದಿಂದ ಇಳಿಯುವ ಮಳೆನೀರು ಕೆಳಗಿನಿಂದಲೇ ಹಾದು ಕೆರೆ ಸೇರುತ್ತದೆ. ಮಾಡಿನ ಮೇಲೆ ಗಿಡ, ಮುಂದಿನ ಮರದ ಚೌಕಟ್ಟಿನ ಮೇಲೆಲ್ಲ ಬಳ್ಳಿ. 1994ರಲ್ಲಿ ಶುರುವಾದಾಗ ಬಳ್ಳಿ ಇಷ್ಟು ಹಬ್ಬಿರಲಿಲ್ಲ. ಕಟ್ಟುವಾಗ ಜೋರು ವಿರೋಧವೂ ಇತ್ತು. ಕೆರೆ ಕೆಡುತ್ತದೆ ಅನ್ನುವ ಭಯ ಜನರಿಗೆ. ಆ ಭಯ ಸುಮ್ನೆ ಬಂದದ್ದಲ್ಲ. ಇಂಥ ಜಾಗದಲ್ಲಿ ಏನೇ ಕಟ್ಟಿದರೂ ಜನ ಪ್ರಶ್ನೆ ಕೇಳಲೇಬೇಕು.

ಅಲ್ಲಿ ಅಕ್ಕ ಬಾಲ್ಕನಿ ಬಾಗಿಲು ಒಂದು ನಿಮಿಷ ತೆಗೆದಿಟ್ಟಳು. ಕೋತಿ ಒಳಗೆ ಬಂದು ಬ್ಯಾಗಿನ ಜಿಪ್ ಎಳೆದು ನೋಡಿ, ಏನೂ ಸಿಗದೆ ಸಿಟ್ಟಿನಿಂದ ಹೋಯಿತು. ಕಾಡಿನ ಜೊತೆ ಬೆರೆಯುವುದು ಅಂದರೆ ಇದೂ ಸೇರಿತು.

ಕಿಟಕಿಯ ಮತ್ತೊಂದು ಗುಟ್ಟು ಗೊತ್ತಾದದ್ದು ನಾನು ಇನ್ನೂ ಹೋಗದ ಜಾಗದಿಂದ. ನಾರ್ವೆಯ ಯುವೆಟ್ ಲಾಡ್ಜಿನಲ್ಲಿ ಬಂಡೆ ಸಿಡಿಸದೆ, ಅದರೊಳಗೆ ಉಕ್ಕಿನ ಸರಳು ಇಳಿಸಿ, ಆ ಕಾಲುಗಳ ಮೇಲೆ ಚಿಕ್ಕ ಚಿಕ್ಕ ಮರದ ಮನೆ ನಿಲ್ಲಿಸಿದ್ದಾರೆ. ಒಂದು ಮನೆಗೆ ಇನ್ನೊಂದು ಕಾಣುವುದಿಲ್ಲ. ಒಳಗಿನ ಗೋಡೆಗೆ ಕಪ್ಪು ಛಾಯೆ ಕೊಟ್ಟಿದ್ದಾರೆ. ಯಾಕೆ ಅಂದರೆ ಒಳಗೆ ಬೆಳ್ಳಗಿದ್ದರೆ ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತದೆ, ಹೊರಗಿನ ಕಾಡು ಕಾಣುವುದಿಲ್ಲ. ಇದನ್ನು ಓದಿದ ಮೇಲೆ ನಾನು ಎಲ್ಲೇ ಹೋದರೂ ಸಂಜೆ ರೂಮಿನ ದೀಪ ಆರಿಸಿ ಕಿಟಕಿಯ ಹತ್ತಿರ ಕೂರುತ್ತೇನೆ. ಖರ್ಚಿಲ್ಲದ ಕೆಲಸ. ಗಾಜು ಮಾಯವಾದ ಹಾಗೆ ಆಗುತ್ತದೆ. ಒಮ್ಮೆ ಹೀಗೆ ಕೂತಿದ್ದಾಗ ಮುಳ್ಳುಹಂದಿಯೊಂದು ಕಿಟಕಿಯ ಕೆಳಗೇ ಬಂದು ನಿಧಾನಕ್ಕೆ ಬೇರು ಅಗೆದು ತಿಂದು ಹೋಯಿತು. ಅದಕ್ಕೆ ನಾವಿದ್ದದ್ದೇ ಗೊತ್ತಿರಲಿಲ್ಲ.

ಆದರೆ ಕತ್ತಲು ಅಂದರೇನು ಅಂತ ಗೊತ್ತಾದದ್ದು ಜೋರ್ಡಾನಿನ ಫೈನಾನ್ ಲಾಡ್ಜಿನಲ್ಲಿ. ದಾನಾ ಎಂಬ ಸಂರಕ್ಷಿತ ಪ್ರದೇಶದ ಕೆಳ ಅಂಚಿನ ಒಣ ಕಣಿವೆ ಅದು. ಕಾರು ಒಂದು ಹಂತದವರೆಗೆ ಮಾತ್ರ. ಕೊನೆಯ ದಾರಿಗೆ ಅಲ್ಲಿನ ಬೆದುಯಿನ್ ಎಂಬ ಮರುಭೂಮಿಯ ಜನರೇ ತಮ್ಮ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಲಾಡ್ಜಿನಲ್ಲಿ ಉಳಿಯಲು ನಾವು ಕೊಡುವ ಹಣದ ಒಂದು ಪಾಲು ಹೀಗೆ ಊರಿನವರ ಕೈಗೆ ಹೋಗುತ್ತದೆ. 26 ರೂಮು. ವಿದ್ಯುತ್ತು ಸೂರ್ಯನದು, ಅದೂ ಅಳತೆಯದು. ರೂಮಿನ ಬೆಳಕಿಗೆ ಮೇಣದ ಬತ್ತಿ.

ಮೊದಲ ರಾತ್ರಿ ಅಕ್ಕ ಗೊಣಗಿದಳು. “ಕನ್ನಡಕ ಎಲ್ಲಿಟ್ಟೆ ಅಂತ ಹುಡುಕೋಕೆ ಇನ್ನೊಂದು ಕನ್ನಡಕ ಬೇಕು ಕಣೇ.” ಮಾಳಿಗೆ ಹತ್ತಿ ಮಲಗಿದೆವು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮಧ್ಯೆ ಯಾರೋ ಮೊಬೈಲ್ ತೆಗೆದರು, ಮತ್ತೆ ಸೊನ್ನೆಯಿಂದ ಶುರು. ಅದಕ್ಕೇ ಈಗ ಟಾರ್ಚಿಗೆ ಬೆಳಕು ಹಾಯುವ ತೆಳು ಕೆಂಪು ಹಾಳೆ ಸುತ್ತಿ ಒಯ್ಯುತ್ತೇನೆ. ಮಂದವಾದ ಕೆಂಪು ಬೆಳಕಿಗೆ ರಾತ್ರಿಗಣ್ಣು ಅಷ್ಟು ಬೇಗ ಹಾಳಾಗುವುದಿಲ್ಲ. ಅರ್ಧ ಗಂಟೆಯಾದ ಮೇಲೆ ಅಕ್ಕನ ಗೊಣಗಾಟ ನಿಂತಿತು. ಹಾಲುಹಾದಿ ಬೆಟ್ಟದಿಂದ ಬೆಟ್ಟಕ್ಕೆ ಹಾಸಿತ್ತು.

ಅದಕ್ಕೂ ಹಿಂದಿನ ಪ್ರವಾಸದಲ್ಲಿ ನಾನು ಪಂಚಾಂಗ ನೋಡದೆ ಹೊರಟು ಸರಿಯಾಗಿ ಹುಣ್ಣಿಮೆಗೆ ಹೋಗಿ ಕೂತಿದ್ದೆ. ನಕ್ಷತ್ರ ಬೇಕಿದ್ದರೆ ಅಮಾವಾಸ್ಯೆಯ ಅಕ್ಕಪಕ್ಕ ಹೋಗಿ. ರಾತ್ರಿ ಬೆಟ್ಟ ನೋಡಬೇಕಿದ್ದರೆ ಹುಣ್ಣಿಮೆಯೂ ಕೆಟ್ಟದಲ್ಲ.

ಫೈನಾನಿನಲ್ಲಿ ಬೆಳಿಗ್ಗೆ ನಡೆಯುವಾಗ ನೆಲದ ಮೇಲೆ ಅಲ್ಲಲ್ಲಿ ಕಪ್ಪು ಕಲ್ಲಿನ ಗುಡ್ಡೆ. ಜ್ವಾಲಾಮುಖಿಯದಿರಬೇಕು ಅಂದುಕೊಂಡೆ. ಅಲ್ಲ, ತಾಮ್ರದ ಕಿಟ್ಟ. ಸಾವಿರಾರು ವರ್ಷ ಹಿಂದೆ ಇಲ್ಲಿ ಅದಿರು ಅಗೆದು ಕರಗಿಸುತ್ತಿದ್ದರು. ಮನುಷ್ಯನ ಕೈ ತಾಗದ ಜಾಗ ಅಂದುಕೊಂಡು ಬಂದಿದ್ದ ನಮಗೆ ಸ್ವಲ್ಪ ನಗು ಬಂತು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಗಂಟೆಗಟ್ಟಲೆ ವಿಮಾನದಲ್ಲಿ ಕೂತು ಬಂದವರಿಗೆ ಬಾತ್‌ರೂಮಿನಲ್ಲಿ ‘ಟವೆಲ್ ಮತ್ತೆ ಬಳಸಿ, ಭೂಮಿ ಉಳಿಸಿ’ ಅನ್ನುವ ಚೀಟಿ ಕಂಡಾಗ ನನಗೆ ಮುಜುಗರವಾಗುತ್ತದೆ. ಟವೆಲ್ ಮತ್ತೆ ಬಳಸುತ್ತೇನೆ, ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಈಗ ನಾವು ಕಡಿಮೆ ಸಲ ಹೋಗುತ್ತೇವೆ, ಹೋದರೆ ಒಂದೇ ಕಡೆ ನಾಲ್ಕೈದು ರಾತ್ರಿ ಇರುತ್ತೇವೆ. ಮೊದಲ ದಿನ ಕಿವಿಯಲ್ಲಿ ಇನ್ನೂ ಊರಿನ ಸದ್ದೇ ಇರುತ್ತದೆ. ಎರಡನೇ ದಿನ ಹಕ್ಕಿಗಳ ದನಿ ಬೇರೆ ಬೇರೆಯಾಗಿ ಕೇಳತೊಡಗುತ್ತವೆ. ಸಾಮಾನಿನ ಪಟ್ಟಿ ಕೊಡಲಾರೆ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಬೈನಾಕ್ಯುಲರ್, ಮಾಸಲು ಬಣ್ಣದ ಬಟ್ಟೆ, ಆ ಟಾರ್ಚು, ಅಷ್ಟೇ.

ಮೊದಲ ಸಂಜೆ ಹೊರಗೆ ನಡೆದು ತಿರುಗಿ ನೋಡಿ ದೀಪ ಎಣಿಸುವುದು ಮಾತ್ರ ತಪ್ಪಿಸುವುದಿಲ್ಲ. ಎಣಿಸುವ ಕೆಲಸ ಅಕ್ಕನದು. ಕಳೆದ ಸಲ ಉಳಿದದ್ದು ನದಿಯಂಚಿನ ಆರು ಮರದ ಮನೆಗಳ ಪುಟ್ಟ ಲಾಡ್ಜ್. ಕತ್ತಲಾದ ಮೇಲೆ ಜೊತೆಗಾರನೊಬ್ಬನನ್ನು ಕರೆದುಕೊಂಡು ತೂಗುಸೇತುವೆ ದಾಟಿ ಆಚೆ ದಡದಲ್ಲಿ ನಿಂತೆವು. ಮನೆಗಳು ಎಲ್ಲಿವೆ ಅಂತಲೇ ತಿಳಿಯಲಿಲ್ಲ. ಮರಗಳ ಕಪ್ಪು, ಅದರ ಮೇಲೆ ಆಕಾಶ. ಮಧ್ಯದಲ್ಲಿ ಒಂದೇ ಒಂದು ಕಿಟಕಿ ಬೆಳ್ಳಗೆ ಉರಿಯುತ್ತಿತ್ತು.

“ಒಂದು,” ಅಂದಳು ಅಕ್ಕ. “ಯಾರೋ ಬುದ್ಧಿ ಇಲ್ಲದವರು ದೀಪ ಹಾಕಿಟ್ಟು ಊಟಕ್ಕೆ ಹೋಗಿದ್ದಾರೆ.”

ಜೊತೆಗಿದ್ದವನು ಕೆಮ್ಮಿದ. “ಎಡಗಡೆಯಿಂದ ನಾಲ್ಕನೇದು, ಮೇಡಂ,” ಅಂದ. ನಮ್ಮ ಬೀಗದ ಕೈ ಮೇಲೆ ನಾಲ್ಕು ಅಂತ ಬರೆದಿತ್ತು.