ಸ್ಲೈಡ್ ಓದಬೇಡಿ, ಮಾತಾಡಿ

ಪ್ರೆಸೆಂಟೇಶನ್ ಇದೆ ಅಂದ ಕೂಡಲೇ ಹೆಚ್ಚಿನವರು ಏನು ಮಾಡುತ್ತಾರೆ? ಲ್ಯಾಪ್‌ಟಾಪ್ ತೆಗೆದು, ಪವರ್‌ಪಾಯಿಂಟ್ ತೆರೆದು, ಚೆಂದದ ಟೆಂಪ್ಲೇಟ್ ಹುಡುಕಲು ಕೂರುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಖಾಲಿ ಸ್ಲೈಡ್ ಮೇಲೊಂದು ಶೀರ್ಷಿಕೆ, ಕೆಳಗೆ ನಾಲ್ಕು ಪಾಯಿಂಟ್ ಕೇಳುತ್ತದೆ. ನಾವೂ ತುಂಬುತ್ತಾ ಹೋಗುತ್ತೇವೆ. ಕೊನೆಗೆ ಕೈಗೆ ಬರುವುದು ಒಂದು ವರದಿ. ಅದನ್ನೇ ಗೋಡೆ ಮೇಲೆ ದೊಡ್ಡದಾಗಿ ತೋರಿಸಿ, ಜನರಿಗೆ ಬೆನ್ನು ಹಾಕಿ ಓದುತ್ತೇವೆ. ಓದುವುದನ್ನು ಅವರೇ ಮಾಡಿಕೊಳ್ಳಬಹುದಲ್ವಾ?

ಮೊದಲು ಒಂದು ವಾಕ್ಯ

ಲ್ಯಾಪ್‌ಟಾಪ್ ಮುಚ್ಚಿಡಿ. ಒಂದು ಹಾಳೆ, ಒಂದು ಪೆನ್ನು ಸಾಕು. ನಿಮ್ಮ ಮಾತು ಮುಗಿದ ಮೇಲೆ ಕೇಳಿದವರು ಏನು ಒಪ್ಪಬೇಕು, ಇಲ್ಲವೇ ಏನು ಮಾಡಬೇಕು ಅನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಉದಾಹರಣೆಗೆ, ನೀವು ಒಂದು ಗ್ರಂಥಾಲಯದ ಸಮಿತಿ ಮುಂದೆ ಮಾತಾಡಬೇಕು ಅಂದುಕೊಳ್ಳಿ. 'ಗ್ರಂಥಾಲಯದ ಬಳಕೆಯ ಬಗ್ಗೆ' ಎಂದು ಬರೆದರೆ ಅದು ಬರೀ ವಿಷಯ. 'ಗ್ರಂಥಾಲಯವನ್ನು ಸಂಜೆ ಇನ್ನೆರಡು ಗಂಟೆ ತೆರೆದಿಡಬೇಕು' ಎಂದು ಬರೆದರೆ ಅದು ಹೇಳಬೇಕಾದ ಮಾತು. ಆ ವಾಕ್ಯ ಬರೆಯಲು ಆಗುತ್ತಿಲ್ಲ ಅಂದರೆ ಸ್ಲೈಡ್ ಮಾಡುವ ಹೊತ್ತು ಇನ್ನೂ ಬಂದಿಲ್ಲ.

ಆಮೇಲೆ ಕೇಳುವವರ ಜಾಗದಲ್ಲಿ ಕೂತು ನೋಡಿ. ಸಮಿತಿಯವರು ಮೊದಲು ಕೇಳುವುದು ಖರ್ಚು ಎಷ್ಟು, ಸಿಬ್ಬಂದಿ ಎಲ್ಲಿಂದ ತರೋದು ಅಂತ. ಹಾಗಾಗಿ ಗ್ರಂಥಾಲಯದ ಇತಿಹಾಸಕ್ಕೆ ಮೂರು ಸ್ಲೈಡ್ ಕೊಡಬೇಡಿ. ಅವರ ಅನುಮಾನಗಳಿಗೆ ಉತ್ತರ ಕೊಡುವ ಮೂರೋ ನಾಲ್ಕೋ ಮಾತುಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಮೇಜಿನ ಮೇಲೆ ಹಿಂದೆ ಮುಂದೆ ಜೋಡಿಸಿ. ಸ್ಲೈಡ್ ಮಾಡಿದ ಮೇಲೆ ಕ್ರಮ ಬದಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಚೀಟಿಯಾದರೆ ಸಲೀಸು.

ಸಮಯದ ವಿಚಾರ: 15 ನಿಮಿಷ ಕೊಟ್ಟರೆ 12ಕ್ಕೆ ತಯಾರಿ ಮಾಡಿ. ಉದ್ದ ಎಳೆಯುವ ಚಟ ಇರುವವರಿಗೆ ಪೆಚಾಕುಚಾ ಒಳ್ಳೆಯ ಮದ್ದು. 2003ರಲ್ಲಿ ಟೋಕಿಯೊದಲ್ಲಿ ಶುರುವಾದ ಈ ಪದ್ಧತಿಯಲ್ಲಿ 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್. ಸ್ಲೈಡ್ ತಾನಾಗಿಯೇ ಮುಂದೆ ಹೋಗುತ್ತದೆ. 6 ನಿಮಿಷ 40 ಸೆಕೆಂಡಿಗೆ ಮಾತು ಮುಗಿಯಲೇಬೇಕು. ಮನೆಯಲ್ಲೊಮ್ಮೆ ಹೀಗೆ ಮಾಡಿ ನೋಡಿ, ಯಾವ ಮಾತು ಸುಮ್ನೆ ಸೇರಿಕೊಂಡಿದೆ ಅಂತ ಥಟ್ಟನೆ ಗೊತ್ತಾಗುತ್ತದೆ.

ಶೀರ್ಷಿಕೆಯಲ್ಲೇ ವಿಷಯ ಹೇಳಿ

ಕಣ್ಣು ಅಕ್ಷರ ಓದುತ್ತಿರುವಾಗ ಕಿವಿಗೆ ಬಿದ್ದ ಮಾತು ತಲೆಗೆ ಹೋಗುವುದಿಲ್ಲ. ಎರಡೂ ಭಾಷೆಯೇ, ಒಟ್ಟಿಗೆ ನಡೆಯುವುದಿಲ್ಲ. ಚಿತ್ರ ನೋಡುತ್ತಾ ಮಾತು ಕೇಳುವುದು ಮಾತ್ರ ಸುಲಭ. ಆದ್ದರಿಂದ ಒಂದು ಸ್ಲೈಡಿಗೆ ಒಂದು ವಿಚಾರ, ಅದನ್ನು ಹೇಳುವ ಒಂದು ವಾಕ್ಯದ ಶೀರ್ಷಿಕೆ, ಕೆಳಗೆ ಅದಕ್ಕೆ ಸಾಕ್ಷಿಯಾಗಿ ಒಂದು ಚಿತ್ರ ಅಥವಾ ಚಾರ್ಟ್. ಉಳಿದ ವಿವರವನ್ನು ಬಾಯಲ್ಲಿ ಹೇಳಿ.

ಮುಖ್ಯ ಮಾತು ಸ್ಲೈಡಿನ ಮೂಲೆಯಲ್ಲಿ ಹೂತುಹೋದರೆ ಏನಾಗುತ್ತದೆ ಅನ್ನುವುದಕ್ಕೆ ನೋವಿನ ಉದಾಹರಣೆಯೊಂದಿದೆ. 2003ರ ಜನವರಿಯಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರುವಾಗ ಫೋಮ್ ತುಂಡೊಂದು ಕಳಚಿ ಅದರ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ ಎಂಜಿನಿಯರುಗಳು ನಾಸಾದವರಿಗೆ ಸ್ಲೈಡ್ ತೋರಿಸಿದ್ದರು. ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ್ದು 3 ಘನ ಇಂಚಿನ ತುಂಡು, ಈಗ ಬಡಿದಿರುವುದು ಆಗಿನ ಅಂದಾಜಿನಂತೆ 1,920 ಘನ ಇಂಚಿನದು. ಇಷ್ಟು ದೊಡ್ಡ ವಿಷಯ ಸ್ಲೈಡಿನ ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿತ್ತು. ಮೇಲಿನ ಶೀರ್ಷಿಕೆ ಓದಿದವರಿಗೆ ಗಾಬರಿಯ ಕಾರಣವೇ ಕಾಣುವಂತಿರಲಿಲ್ಲ. ಫೆಬ್ರವರಿ 1ರಂದು ವಾಪಸಾಗುವಾಗ ನೌಕೆ ಒಡೆದುಹೋಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ಸ್ಲೈಡಿನಿಂದಲೇ ಅಪಘಾತವಾಯಿತು ಅಂತ ಹೇಳಲಾಗದು. ಆದರೆ ತನಿಖಾ ಮಂಡಳಿ ಆ ಸ್ಲೈಡನ್ನು ತನ್ನ ವರದಿಯಲ್ಲಿ ಅಚ್ಚು ಹಾಕಿಸಿ, ತಾಂತ್ರಿಕ ವರದಿಯ ಬದಲು ಪವರ್‌ಪಾಯಿಂಟ್ ಬಳಸುವ ರೂಢಿಯನ್ನೇ ಟೀಕಿಸಿತು. ಅಂದರೆ ಕೂತು ಓದಬೇಕಾದ ವಿವರ ಇದ್ದರೆ ಅದನ್ನು ಬರೆದು ಕೈಗೆ ಕೊಡಿ. ಸ್ಲೈಡಿಗೆ ತುರುಕಬೇಡಿ.

ಚಾರ್ಟ್ ಬೋಳಿಸಿ

ನಮ್ಮ ಗ್ರಂಥಾಲಯದ ಚಾರ್ಟನ್ನೇ ತಗೊಳ್ಳೋಣ. ಸಾಫ್ಟ್‌ವೇರ್ ಕೊಟ್ಟಿದ್ದು ಹೀಗಿದೆ: ಗಂಟೆಗೊಂದರಂತೆ ಹತ್ತು ಕಂಬ, ಹಿಂದೆ ಅಡ್ಡಗೆರೆಗಳು, ಪಕ್ಕದಲ್ಲಿ ಯಾವ ಬಣ್ಣ ಏನು ಎಂಬ ಪಟ್ಟಿ, ಮೇಲೆ 'ಗಂಟೆವಾರು ಓದುಗರ ಸಂಖ್ಯೆ'. ನೋಡುವವರು ಎಲ್ಲಿ ನೋಡಬೇಕು?

ಮೊದಲು 3ಡಿ ನೆರಳಿದ್ದರೆ ಕಿತ್ತುಹಾಕಿ, ಅದು ಅಳತೆಯನ್ನೇ ಹಾದಿ ತಪ್ಪಿಸುತ್ತದೆ. ಅಡ್ಡಗೆರೆ ಬೇಡ. ಬಣ್ಣದ ಪಟ್ಟಿಯೂ ಬೇಡ. ಎಲ್ಲ ಕಂಬಗಳನ್ನೂ ಬೂದು ಮಾಡಿ. ಬಾಗಿಲು ಹಾಕುವ ಮುಂಚಿನ ಕೊನೆಯ ಗಂಟೆಯ ಕಂಬಕ್ಕೆ ಮಾತ್ರ ಗಾಢ ನೀಲಿ ಕೊಟ್ಟು, ಅದರ ನೆತ್ತಿಯ ಮೇಲೇ ಸಂಖ್ಯೆ ಬರೆಯಿರಿ. ಆದರೆ ಕಂಬಗಳು ಸೊನ್ನೆಯಿಂದಲೇ ಶುರುವಾಗಬೇಕು. ನಡುವಿನಿಂದ ಶುರು ಮಾಡಿದರೆ ಸಣ್ಣ ವ್ಯತ್ಯಾಸ ಬೆಟ್ಟದಷ್ಟು ಕಾಣುತ್ತದೆ, ಗೊತ್ತಿದ್ದವರು ಅಲ್ಲೇ ಹಿಡಿಯುತ್ತಾರೆ. ಕೊನೆಗೆ ಶೀರ್ಷಿಕೆ ಬದಲಿಸಿ: 'ಬಾಗಿಲು ಹಾಕುವ ಹೊತ್ತಿಗೇ ಜನ ಜಾಸ್ತಿ'. ಈಗ ಹಿಂದಿನ ಸಾಲಿನಲ್ಲಿ ಕೂತವರಿಗೂ ನೀವು ಬಾಯಿ ಬಿಡುವ ಮೊದಲೇ ಅರ್ಧ ವಾದ ಗೊತ್ತಾಗಿರುತ್ತದೆ.

ಅಕ್ಷರ, ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 24 ಪಾಯಿಂಟ್‌ಗಿಂತ ಸಣ್ಣಕ್ಷರ ಬೇಡ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಸ್ವಲ್ಪ ಜಾಗ ಬಿಡಿ. ಬೆಳಕಿರುವ ಕೋಣೆಯಾದರೆ ತಿಳಿ ಹಿನ್ನೆಲೆ, ಕಪ್ಪು ಅಕ್ಷರವೇ ವಾಸಿ. ಪ್ರೊಜೆಕ್ಟರ್ ಕಪ್ಪನ್ನು ಬಿಡಲಾರದು, ಬೆಳಕು ಬಿಡದೆ ಸುಮ್ಮನಿರುತ್ತದೆ ಅಷ್ಟೇ, ಹಾಗಾಗಿ ಅಂಥ ಕೋಣೆಯಲ್ಲಿ ಕಪ್ಪು ಹಿನ್ನೆಲೆ ಮಸುಕಾಗಿ ಕಾಣುತ್ತದೆ. ಕೆಂಪು-ಹಸಿರಿನ ಭೇದ ಕಾಣದವರು ಸಭೆಯಲ್ಲಿ ಇರಬಹುದು, ಆ ಜೋಡಿಯೊಂದನ್ನೇ ನಂಬಬೇಡಿ. ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಬೇರೆ ಕಂಪ್ಯೂಟರಿನಲ್ಲಿ ಕಲಸುಮೇಲೋಗರ ಆಗುತ್ತದೆ, ಆದ್ದರಿಂದ ಒಂದು ಪಿಡಿಎಫ್ ಪ್ರತಿಯನ್ನೂ ಜೊತೆಗಿಟ್ಟುಕೊಳ್ಳಿ.

ನಿಂತು, ಗಟ್ಟಿಯಾಗಿ

ಮನಸ್ಸಿನಲ್ಲೇ ಓದಿಕೊಳ್ಳುವುದು ಅಭ್ಯಾಸ ಅಲ್ಲ. ಎದ್ದು ನಿಂತು, ಫೋನಿನಲ್ಲಿ ಟೈಮರ್ ಇಟ್ಟು, ಗಟ್ಟಿಯಾಗಿ ಹೇಳಿ. ಪೂರ್ತಿ ಬಾಯಿಪಾಠ ಮಾಡಬೇಡಿ, ಒಂದು ಪದ ಮರೆತರೆ ಮುಂದಿನದೆಲ್ಲ ಕೈಕೊಡುತ್ತದೆ. ಮೊದಲ ಎರಡು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಮಾತ್ರ ಬಾಯಿಗೆ ಬರಲಿ. ಎದೆ ಹೊಡೆದುಕೊಳ್ಳುವುದು ಜಾಸ್ತಿ ಆ ಮೊದಲ ನಿಮಿಷದಲ್ಲೇ. ಅದು ದಾಟಿದರೆ ದಾರಿ ಸಿಗುತ್ತದೆ.

ಆ ದಿನ ಬೇಗ ಹೋಗಿ, ಕೊನೆಯ ಸಾಲಿನಲ್ಲಿ ಕೂತು ನಿಮ್ಮ ಸ್ಲೈಡನ್ನು ನೀವೇ ಓದಿ ನೋಡಿ. ಪ್ರೆಸೆಂಟರ್ ವ್ಯೂ ಹಾಕಿಕೊಂಡರೆ ಟಿಪ್ಪಣಿ, ಮುಂದಿನ ಸ್ಲೈಡ್, ಗಡಿಯಾರ ನಿಮಗಷ್ಟೇ ಕಾಣುತ್ತವೆ. ಚಾರ್ಟ್ ಬಂದಾಗ ಎರಡು ಕ್ಷಣ ಸುಮ್ಮನಿರಿ, ಜನ ನೋಡಿಕೊಳ್ಳಲಿ. ಆಮೇಲೆ 'ಕೆಳಗಿರುವುದು ಗಂಟೆ, ಕಂಬದ ಎತ್ತರ ಓದುಗರ ಸಂಖ್ಯೆ' ಎಂದು ಓದುವ ಬಗೆ ಹೇಳಿ ಮುಂದೆ ಹೋಗಿ. ಎಲ್ಲರ ಕಣ್ಣು ನಿಮ್ಮ ಮೇಲೇ ಬರಬೇಕು ಅನ್ನಿಸಿದಾಗ ಪವರ್‌ಪಾಯಿಂಟ್‌ನಲ್ಲಿ 'ಬಿ' ಕೀ ಒತ್ತಿ. ಪರದೆ ಕಪ್ಪಾಗುತ್ತದೆ. ಮತ್ತೆ ಒತ್ತಿದರೆ ಸ್ಲೈಡ್ ವಾಪಸ್. ಇಷ್ಟು ಉಪಯೋಗದ ಕೀ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಕೊನೆಗೆ 'ಧನ್ಯವಾದಗಳು' ಅನ್ನುವ ಸ್ಲೈಡ್ ಬೇಡ. ಧನ್ಯವಾದ ಬಾಯಲ್ಲಿ ಹೇಳಿದರೆ ಸಾಕು. ಪ್ರಶ್ನೋತ್ತರ ನಡೆಯುವಷ್ಟು ಹೊತ್ತೂ ಪರದೆ ಮೇಲೆ ಸಂಜೆಯ ಎರಡು ಗಂಟೆಯ ಬೇಡಿಕೆ ಮತ್ತು ಅದರ ಖರ್ಚು ಇರಲಿ. ಸಿಬ್ಬಂದಿ ಪಾಳಿ, ತಿಂಗಳುವಾರು ಲೆಕ್ಕದಂಥ ವಿವರಗಳನ್ನು ಅದರ ಹಿಂದೆ ಹೆಚ್ಚುವರಿ ಸ್ಲೈಡ್‌ಗಳಾಗಿ ಇಟ್ಟಿರಿ, ಅವುಗಳ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾರಾದರೂ ಪಾಳಿಯ ಬಗ್ಗೆ ಕೇಳಿದರೆ, ಆ ನಂಬರ್ ಟೈಪ್ ಮಾಡಿ ಎಂಟರ್ ಒತ್ತಿದರೆ ನೇರ ಆ ಸ್ಲೈಡಿಗೇ ಹೋಗುತ್ತದೆ.