ಸವೆದ ಡೈ, ಪಂಚ್‌ಗೆ ವೆಲ್ಡಿಂಗ್: ಬಿರುಕು ಬರದ ಹಾಗೆ ಮಾಡುವುದು ಹೇಗೆ?

ಪ್ರೆಸ್‌ನಲ್ಲಿ ತಗಡು ಕತ್ತರಿಸುವ, ಆಕಾರ ಕೊಡುವ ಡೈ ಅಂಚು ಸವೆಯಿತು, ಅದರ ಜೋಡಿ ಪಂಚ್ ಮೂಲೆಯಿಂದ ಚಕ್ಕೆ ಎದ್ದಿತು ಅಂದ ಕೂಡಲೇ ಅದನ್ನು ಗುಜರಿಗೆ ಹಾಕಬೇಕಿಲ್ಲ. ವೆಲ್ಡ್ ತುಂಬಿಸಿ, ಗ್ರೈಂಡ್ ಮಾಡಿ ಮತ್ತೆ ಕೆಲಸಕ್ಕೆ ಹಚ್ಚಬಹುದು. ಆದರೆ ಇವನ್ನು ಮಾಡುವ ಗಡಸು ಉಕ್ಕು, ಅಂದರೆ ಟೂಲ್ ಸ್ಟೀಲ್‌ನ ಸ್ವಭಾವವೇ ಬೇರೆ. ಉದಾಹರಣೆಗೆ ಡಿ2 ಅನ್ನುವ ಟೂಲ್ ಸ್ಟೀಲ್‌ನಲ್ಲಿ ಸುಮಾರು ಶೇ. 1.5 ಕಾರ್ಬನ್, ಶೇ. 12 ಕ್ರೋಮಿಯಂ ಇರುತ್ತದೆ. ತಣ್ಣಗಿರುವ ಡೈ ಮೇಲೆ ನೇರವಾಗಿ ಆರ್ಕ್ ಹೊಡೆದರೆ ಬೀಡ್ (ವೆಲ್ಡ್‌ನ ಸಾಲು) ಪಕ್ಕದ ಜಾಗ ಬೇಗ ತಣಿದು, ವಿಪರೀತ ಗಟ್ಟಿಯಾಗಿ, ಗಾಜಿನ ಹಾಗೆ ಸೀಳುತ್ತದೆ. ಹಾಗಾಗಿ ಇಲ್ಲಿ ಕೈಚಳಕಕ್ಕಿಂತ ಬಿಸಿಯ ಮೇಲಿನ ಹಿಡಿತವೇ ಮುಖ್ಯ.

ಮೊದಲು ಉಕ್ಕು ಯಾವುದು ಅಂತ ಖಚಿತ ಮಾಡಿಕೊಳ್ಳಿ. ಡ್ರಾಯಿಂಗ್ ನೋಡಿ, ಇಲ್ಲದಿದ್ದರೆ ಪರೀಕ್ಷೆ ಮಾಡಿಸಿ, ಅಂದಾಜಿನ ಮೇಲೆ ಶುರು ಮಾಡಬೇಡಿ. ಕಾರ್ಬೈಡ್ ತುದಿ ಆದರೆ ಈ ವಿಧಾನ ಬಿಟ್ಟುಬಿಡಿ, ಅದಕ್ಕೆ ಬ್ರೇಜಿಂಗ್ ಬೇಕು.

ಆಮೇಲೆ ಹಾಳಾದ ಜಾಗವನ್ನು ಗ್ರೈಂಡ್ ಮಾಡಿ. ಬಿರುಕಿದ್ದರೆ ಪೂರ್ತಿ ಹೋಗಬೇಕು. ಕಣ್ಣಿಗೆ ಕಾಣಲಿಲ್ಲ ಅಂದರೆ ಹೋಯಿತು ಅಂತಲ್ಲ, ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರಾವಣ (ಪೆನೆಟ್ರೆಂಟ್) ಹಾಕಿ ನೋಡಿ. ಗ್ರೈಂಡ್ ಮಾಡಿದ ತೋಡಿನ ತಳ ದುಂಡಗಿರಲಿ, ಗೋಡೆಗಳು ಕನಿಷ್ಠ 30 ಡಿಗ್ರಿಯಾದರೂ ಹೊರಕ್ಕೆ ಓರೆಯಾಗಿರಲಿ. ತಳದ ಅಗಲ ಕೋಟಿಂಗ್ ಸಮೇತ ವೆಲ್ಡಿಂಗ್ ರಾಡ್‌ನ ದಪ್ಪಕ್ಕಿಂತ 1 ಮಿ.ಮೀ. ಆದರೂ ಜಾಸ್ತಿ ಇರಬೇಕು, ಇಲ್ಲದಿದ್ದರೆ ಮೂಲೆಯಲ್ಲಿ ಸ್ಲ್ಯಾಗ್ (ಕೋಟಿಂಗ್ ಕರಗಿ ಆಗುವ ಕಿಟ್ಟ) ಸಿಕ್ಕಿಕೊಳ್ಳುತ್ತದೆ. ಎಣ್ಣೆ ಒರೆಸಲು ಕ್ಲೋರಿನ್ ಇರುವ ದ್ರಾವಣ ಮಾತ್ರ ಬೇಡ. ಆರ್ಕ್ ಹತ್ತಿರ ಅದರ ಆವಿ ವಿಷದ ಗಾಳಿಯಾಗುತ್ತದೆ.

ಈಗ ಕಾಯಿಸುವುದು. ಇಡೀ ಟೂಲ್ ಒಂದೇ ಸಮ ಕಾಯಬೇಕು. ಒವನ್ ಇದ್ದರೆ ಒಳ್ಳೆಯದು, ಟಾರ್ಚ್‌ನಿಂದ ಒಂದೇ ಕಡೆ ಕಾಯಿಸಿದರೆ ಅದೇ ಹೊಸ ಬಿರುಕಿಗೆ ಕಾರಣವಾಗುತ್ತದೆ. ಎಚ್13 ಅನ್ನುವ ಟೂಲ್ ಸ್ಟೀಲ್‌ಗೆ 325ರಿಂದ 375 ಡಿಗ್ರಿ ಸೆಲ್ಸಿಯಸ್ ಬೇಕು, ಬೇರೆ ಉಕ್ಕಿಗೆ ತಯಾರಕರ ಹಾಳೆ ನೋಡಿ. ಮೊದಲೇ ಗಟ್ಟಿ ಮಾಡಿದ ಟೂಲನ್ನು ಹಿಂದಿನ ಟೆಂಪರಿಂಗ್ (ಗಟ್ಟಿ ಮಾಡಿದ ಮೇಲೆ ಮತ್ತೆ ಕಾಯಿಸಿ ಪೆಡಸು ಕಳೆಯುವುದು) ಬಿಸಿಗಿಂತ ಮೇಲೆ ಕಾಯಿಸಿದರೆ ಅದರ ಗಡಸುತನವೇ ಹೋಗುತ್ತದೆ, ನೆನಪಿರಲಿ. ವೆಲ್ಡ್ ಮಾಡುವಾಗಲೂ ಟೂಲ್ ಮೊದಲು ಕಾಯಿಸಿದ ಬಿಸಿಗಿಂತ ಕೆಳಗೆ ಇಳಿಯಬಾರದು, ಅದರ ಮೇಲೆ 50 ಡಿಗ್ರಿಗಿಂತ ಹೆಚ್ಚು ಏರಲೂಬಾರದು. ಇಂತಿಷ್ಟು ಬಿಸಿಗೆ ಕರಗಿ ಬಿಸಿ ತೋರಿಸುವ ಟೆಂಪರೇಚರ್ ಚಾಕ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಲೋ ಹೈಡ್ರೋಜನ್ ರಾಡ್ ಆದರೆ ಡಬ್ಬಿಯ ಮೇಲೆ ಹೇಳಿದ ಬಿಸಿಯಲ್ಲಿ ಮೊದಲೇ ಒಣಗಿಸಿ. ಪಸೆ ಇದ್ದರೆ ಹೈಡ್ರೋಜನ್ ಒಳಗೆ ಸೇರಿ, ಇವತ್ತು ಸರಿಯಿದೆ ಅಂತ ಕಾಣುವ ವೆಲ್ಡ್ ಮರುದಿನ ಸೀಳಬಹುದು. ಆಳ ಜಾಸ್ತಿ ಇದ್ದರೆ ಕೆಳಗಿನ ಪದರಗಳಿಗೆ 312 ದರ್ಜೆಯ ತರಹದ ಮೆತ್ತಗಿನ ಸ್ಟೇನ್‌ಲೆಸ್ ರಾಡ್ ಹಾಕಿ, ಮೇಲಿನ ಎರಡು ಮೂರು ಪದರಕ್ಕೆ ಮಾತ್ರ ಗಟ್ಟಿ ರಾಡ್ ಇರಲಿ. ಸಣ್ಣ ರಾಡ್, ಕಡಿಮೆ ಆಂಪಿಯರ್, ಗಿಡ್ಡ ನೇರ ಬೀಡ್, ಅಷ್ಟೇ ಸಾಕು. ಆರ್ಕನ್ನು ತೋಡಿನ ಒಳಗೇ ಹೊತ್ತಿಸಿ. ಪಕ್ಕದ ಒಳ್ಳೆಯ ಮುಖಕ್ಕೆ ಸುಮ್ನೆ ಒಮ್ಮೆ ತಾಗಿಸಿದರೂ ಅಲ್ಲೊಂದು ಗಟ್ಟಿ ಚುಕ್ಕೆ ಉಳಿದು, ಅಲ್ಲಿಂದಲೇ ಬಿರುಕು ಹೊರಡುತ್ತದೆ. ಬೀಡ್ ಕೊನೆಯಲ್ಲಿ ಉಳಿಯುವ ಕುಳಿ (ಕ್ರೇಟರ್) ತುಂಬಿ, ನಿಧಾನವಾಗಿ ಕರೆಂಟ್ ಇಳಿಸಿ. ಬಿಸಿಯಿದ್ದಾಗಲೇ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಒಳಗಿನ ಎಳೆತ ಕಡಿಮೆಯಾಗುತ್ತದೆ. ಕ್ರೋಮಿಯಂ ಹೊಗೆ ಪುಪ್ಪುಸಕ್ಕೆ ಕೆಟ್ಟದ್ದು, ಎಕ್ಸಾಸ್ಟ್ ಫ್ಯಾನ್, ಮಾಸ್ಕ್ ಎರಡೂ ಇಲ್ಲದೆ ಕೆಲಸ ಬೇಡ.

ಮುಗಿದ ಮೇಲೆ ನೀರು, ಗಾಳಿ ಏನೂ ತಾಗಿಸಬೇಡಿ. ಒಣ ಬೂದಿ ಅಥವಾ ಬಿಸಿ ಹಿಡಿದಿಡುವ ಹಗುರ ಖನಿಜದ ಚೂರು, ಅಂದರೆ ವರ್ಮಿಕ್ಯುಲೈಟ್‌ನಲ್ಲಿ ಹೂತಿಟ್ಟು ನಿಧಾನವಾಗಿ 60ರಿಂದ 70 ಡಿಗ್ರಿಗೆ ಇಳಿಸಿ, ತಡಮಾಡದೆ ಟೆಂಪರ್ ಮಾಡಿ, ಹಿಂದಿನ ಟೆಂಪರಿಂಗ್‌ಗಿಂತ 10ರಿಂದ 20 ಡಿಗ್ರಿ ಕಡಿಮೆಯಲ್ಲಿ. ಕೊನೆಗೆ ಕೂಲೆಂಟ್ ಹಾಕಿ ಸಣ್ಣ ಸಣ್ಣ ಕಟ್‌ಗಳಲ್ಲಿ ಗ್ರೈಂಡ್ ಮಾಡಿ, ಮತ್ತೊಮ್ಮೆ ಪೆನೆಟ್ರೆಂಟ್ ಹಾಕಿ ನೋಡಿ, ಆಮೇಲೆ ಪ್ರೆಸ್‌ಗೆ ಕಟ್ಟಿ.