ಲಿಂಬೆ ಹಳದಿನಾ, ಗಂಧದ ಹಳದಿನಾ? ಕೈ ಸುಟ್ಟುಕೊಂಡು ಕಲಿತದ್ದು

ಗೋಡೆ ಬಣ್ಣದ ಶೇಡ್ ಕಾರ್ಡಿನಲ್ಲಿ ಯಾರಿಗಾದರೂ ಲಿಂಬೆ ಹಳದಿಯೇ ಇಷ್ಟವಾಗುತ್ತದೆ. ಪಕ್ಕದ ಗಂಧದ ಹಳದಿ ಮಾಸಿದ ಪಂಚೆ ಥರ ಕಾಣುತ್ತದೆ. ಸಾಗರದ ಹತ್ತಿರ ಒಂದು ತೋಟದ ಮನೆಯ ನಡುಮನೆಗೆ ನಾನೂ ಲಿಂಬೆಯನ್ನೇ ಹೊಡೆದೆ, 20 ವರ್ಷದ ಪೇಂಟಿಂಗ್ ಅನುಭವ ಇಟ್ಟುಕೊಂಡು!

ಅಡಿಗೆ ಹೊಡೆಯುವ ಪ್ರೈಮರ್ ಇದ್ದರೂ, ಎರಡು ಕೋಟ್ ಹೊಡೆದ ಮೇಲೂ ಗೋಡೆಯ ಹಳೇ ನೀಲಿ ಇಣುಕುತ್ತಿತ್ತು. ಮೂರನೆಯದೂ ಆಯಿತು. ಮಳೆಗಾಲ ಬೇರೆ, ಒಂದೊಂದು ಕೋಟ್ ಒಣಗಲು ಒಂದೊಂದು ದಿನ. ಕೊನೆಗೆ ನೋಡಿದರೆ ಗೋಡೆ ಎಳೆ ಮಾವಿನಕಾಯಿ ಬಣ್ಣ. ಕಿಟಕಿಯಾಚೆ ಪೂರ್ತಿ ಅಡಿಕೆ ತೋಟ. ಆ ಹಸಿರು ಬೆಳಕೆಲ್ಲ ಒಳಗೆ ಬಂದು ಲಿಂಬೆ ಮೇಲೆ ಕೂತಿತ್ತು. ಬೇಕಾದ ಶೇಡಿಗೆ ಬಣ್ಣ ಬೆರೆಸಿ ಟಿಂಟ್ ಮಾಡಿಸಿದ ಡಬ್ಬ ಅಂಗಡಿಯವರು ವಾಪಸ್ ತಗೊಳ್ಳಲ್ಲ, ಗೊತ್ತಲ್ವಾ? ಬಣ್ಣ, ಕೂಲಿ ಸೇರಿ 11 ಸಾವಿರ ಚಿಲ್ಲರೆ ನನ್ನ ಜೇಬಿಂದಲೇ ಹೋಯಿತು.

ಗಂಧದ್ದು ಹೊಡೆಯೋಣ ಅಂದಾಗ ಆ ಮನೆಯ ಅಮ್ಮ, "ದುಡ್ಡು ಕೊಟ್ಟು ಹಳೇ ಮನೆ ಮಾಡಿಸ್ಕೊಳ್ಬೇಕೇನಪ್ಪಾ?" ಅಂದರು. ನನ್ನ ಹುಡುಗರೂ ನಕ್ಕರು.

ಈ ಸಲ ಗೋಡೆ ಮುಟ್ಟಲಿಲ್ಲ. ಎರಡಡಿ ಪ್ಲೈವುಡ್ ತುಂಡು ಎರಡಕ್ಕೆ ಪ್ರೈಮರ್ ಹೊಡೆದು, ಒಂದಕ್ಕೆ ಲಿಂಬೆ, ಒಂದಕ್ಕೆ ಗಂಧ. ಎರಡು ದಿನ ಮೂಲೆಯಿಂದ ಮೂಲೆಗೆ ಹೊತ್ತು ತಿರುಗಿದೆ. ರೆಡ್ ಆಕ್ಸೈಡ್ ನೆಲದ ಹತ್ತಿರ ಇಟ್ಟರೆ ಗಂಧಕ್ಕೆ ಕೆಂಪು ಹತ್ತಿ ಬೆಚ್ಚಗಾಗುತ್ತಿತ್ತು. ರಾತ್ರಿ ಬಿಳಿ ಎಲ್‌ಇಡಿಯಲ್ಲಿ ಲಿಂಬೆ ಥೇಟ್ ಆಸ್ಪತ್ರೆ ವಾರ್ಡು. ಅಮ್ಮ ತಾವೇ ಬಂದು ಎರಡೂ ಹಲಗೆ ತಿರುಗಿಸಿ ನೋಡಿದರು. ಏನೂ ಹೇಳದೆ ಒಳಗೆ ಹೋಗಿ ಕಾಫಿ ತಂದರು.

ಗಂಧದ್ದು ಎರಡೇ ಕೋಟ್‌ನಲ್ಲಿ ಹಳೇ ಬಣ್ಣ ಮುಚ್ಚಿತು. ಅದರಲ್ಲಿರುವಂಥ ಆಕ್ಸೈಡ್ ಹಳದಿ (ಕಬ್ಬಿಣದ ಆಕ್ಸೈಡ್ ಪುಡಿಯ ಬಣ್ಣ) ಇರುವ ಶೇಡಿಗೆ ಮೈ ಜಾಸ್ತಿ, ಅಂದರೆ ಅಡಿಯದ್ದನ್ನು ಚೆನ್ನಾಗಿ ಮುಚ್ಚುತ್ತದೆ. ಕಾರ್ಡಿನಲ್ಲಿ ಒಪ್ಪಿದ್ದಕ್ಕಿಂತ ಒಂದು ಮೆಟ್ಟಿಲು ತೆಳು ತಗೊಂಡಿದ್ದೆ. ನಾಲ್ಕೂ ಗೋಡೆ ಹಳದಿ ಆದರೆ ಒಂದರ ಬೆಳಕು ಇನ್ನೊಂದರ ಮೇಲೆ ಬಿದ್ದು ಬಣ್ಣ ಏರುತ್ತದೆ. ಪ್ರೈಮರಿಗೂ ಸ್ವಲ್ಪ ಸ್ಟೇನರ್, ಅಂದರೆ ಬೆರೆಸುವ ಗಾಢ ಬಣ್ಣ, ಬಿಟ್ಟಿದ್ದೆ. ಯಾವುದು, ಎಷ್ಟು ಅಂತ ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಆ ಮನೆ ನೋಡಿ ಅದೇ ಊರಲ್ಲಿ ನಾಲ್ಕು ಮನೆ ಸಿಕ್ಕವು.

ಮಧ್ಯೆ ಕೊಟ್ಟಿಗೆ ಗೋಡೆಗೆ ಅಂತ ಒಬ್ಬ ಹುಡುಗ ಸುಣ್ಣಕ್ಕೆ ಅರಿಶಿನ ಕಲಸಿದ. ಬಕೆಟ್ ಪೂರ್ತಿ ಆರತಿ ನೀರು! ಸುಣ್ಣಕ್ಕೆ ಹಳದಿ ಆಕ್ಸೈಡ್ ಪುಡಿಯೇ ಸರಿ.

ಉಳಿದ ಮೂರು ಲೀಟರ್ ಲಿಂಬೆಯನ್ನು ಸುಮ್ನೆ ಉಗ್ರಾಣಕ್ಕೆ ಹೊಡೆದೆ. ಅಲ್ಲಿ ಕಿಟಕಿಯೇ ಇಲ್ಲ, ಒಂದು ವಾರ್ಮ್ ಬಲ್ಬು ಅಷ್ಟೇ. ಈಗ ಅಮ್ಮ ಬಂದವರಿಗೆಲ್ಲ ಮೊದಲು ತೋರಿಸುವುದು ಉಗ್ರಾಣವನ್ನೇ.